ಬಾಗಿಲ ಹಿಂದೆ ನಿಂತ ಅಳಿಯಂದಿರು

ಕ್ಯಾಮೆರಾ ಹಿಡಿದು ಬದುಕುವವನಿಗೆ ಇಂಥವು ತಪ್ಪಿದ್ದಲ್ಲ. ಲೆನ್ಸಿನ ಮುಚ್ಚಳ ತೆಗೆಯುವುದೇ ತಡ, ಎಲ್ಲಿದ್ದರೋ ಏನೋ, ಚೌಕಟ್ಟಿನೊಳಗೆ ಯಾರಾದರೂ ಬಂದು ನಿಂತುಬಿಡುತ್ತಾರೆ. ಮದುವೆ ವಿಡಿಯೋ ತೆಗೆಯುತ್ತಿದ್ದಷ್ಟು ದಿನ ನಾನು ಇದನ್ನು ನುಂಗಿಕೊಂಡೆ. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಯಾರದೋ ಬೆನ್ನು, ಅಕ್ಕಿಕಾಳು ಬೀಳುವ ಹೊತ್ತಿಗೆ ಯಾರದೋ ಟೋಪಿ. ಅವರ ಮದುವೆ, ಅವರ ಬೆನ್ನು, ನನಗೇನು? ಆದರೆ ಈಗ ಹೇಳುತ್ತಿರುವುದು ನನ್ನ ಸ್ವಂತ ಕೆಲಸದ ಮಾತು. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಓದುವವರು ಬೇಕಾದರೆ ನಗಲಿ, ನನ್ನ ಅಭ್ಯಂತರವಿಲ್ಲ.

ಹುಬ್ಬಳ್ಳಿಯ ಒಂದು ಟೀವಿ ವಾಹಿನಿಯವರು ನನಗೆ ಅವಕಾಶ ಕೊಟ್ಟಿದ್ದರು. ವೈಜ್ಞಾನಿಕ ಕಥೆಯ ಒಂದು ಕಂತು ಮಾಡಿ ತೋರಿಸಬೇಕು. ಒಪ್ಪಿಗೆಯಾದರೆ ಮುಂದೆ ವಾರಕ್ಕೊಂದು ಕಂತು. ಒಪ್ಪಿಗೆಯಾಗದಿದ್ದರೆ ಆ ಸಮಯಕ್ಕೆ ಅಡುಗೆ ಕಾರ್ಯಕ್ರಮ ಹಾಕುತ್ತಾರೆ, ನಾನು ಮತ್ತೆ ಮದುವೆ ಮನೆಗಳಲ್ಲಿ ಬೆನ್ನುಗಳನ್ನು ತೆಗೆಯುತ್ತಾ ಕೂರುತ್ತೇನೆ. ಹೀಗಾಗಿ ಆ ಒಂದು ಕಂತಿನ ಮೇಲೆ ನನ್ನ ಜೀವವೇ ಇತ್ತು.

ಸಿಂದಗಿಯಲ್ಲಿ ಹೈಸ್ಕೂಲು ಓದುವಾಗ ಪಕ್ಕದ ಮನೆಯ ಟೀವಿಯಲ್ಲಿ ಹಳೆಯ ಪರದೇಶದ ಧಾರಾವಾಹಿಯ ಕಂತೊಂದನ್ನು ನೋಡಿದ್ದೆ. ಅಂತರಿಕ್ಷದ ಕಥೆ. ಎರಡು ಕೋಣೆ, ಒಂದು ಇಕ್ಕಟ್ಟಾದ ದಾರಿ, ಒಂದು ಬಾಗಿಲು, ಅಷ್ಟೇ. ಗೋಡೆಗಳು ರಟ್ಟಿನವು ಎಂದು ನನಗೂ ತಿಳಿಯುತ್ತಿತ್ತು. ಆದರೂ ಅಂಜಿ ನಡುಗಿದ್ದೆ. ಯಾಕೆಂದರೆ ಬಾಗಿಲಿನ ಆಚೆ ಇದ್ದದ್ದು ಏನು ಎಂದು ಆ ನಿರ್ದೇಶಕ ಕೊನೆಯವರೆಗೂ ತೋರಿಸಲಿಲ್ಲ. ಕ್ಯಾಮೆರಾವನ್ನು ನೆಲಕ್ಕೆ ಇಳಿಸಿದ್ದ, ಸಂಗೀತ ನಿಲ್ಲಿಸಿದ್ದ, ಆ ಬಾಗಿಲನ್ನೇ ನೋಡುತ್ತಿದ್ದ ಪಾತ್ರಗಳ ಮುಖಗಳನ್ನಷ್ಟೇ ತೋರಿಸಿದ್ದ. ಉಳಿದದ್ದನ್ನು ನಮ್ಮ ತಲೆಯೇ ಕಟ್ಟಿಕೊಂಡಿತು.

ನನ್ನ ಕಂತಿಗೂ ಅದೇ ಪಾಠ. ವಿಜ್ಞಾನಿ ಹೆಣ್ಣುಮಗಳೊಬ್ಬಳು ಒಬ್ಬಳೇ ಬೇರೆ ಗ್ರಹಕ್ಕೆ ಹೋಗುತ್ತಾಳೆ. ಅಲ್ಲಿ ಯಾರೂ ಇಲ್ಲ. ಆದರೆ ಯಾರೋ ಹಿಂದೆ ಬರುತ್ತಾರೆ. ಅವಳು ನೌಕೆಯೊಳಗೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾಳೆ. ಕೊನೆಗೆ ಬಾಗಿಲು ತಾನಾಗಿ ತೆರೆಯುತ್ತದೆ, ಪರದೆಯ ತುಂಬ ಬರೀ ಬಿಳಿ ಬೆಳಕು, ಮುಗಿಯಿತು. ಹಿಂದೆ ಬಂದ ಆ ಪ್ರಾಣಿಯನ್ನು ತೋರಿಸುವುದಿಲ್ಲ. ಎಷ್ಟು ಸರಳ ನಿಯಮ! ಇದೊಂದನ್ನು ಉಳಿಸಿಕೊಳ್ಳಲು ನಾಲ್ಕೈದು ತಾಲೂಕುಗಳ ಜನರೊಂದಿಗೆ ಜಗಳವಾಡಬೇಕಾಯಿತು.

ಸಿಂದಗಿಯ ಕೊಂಡಿ

ನೌಕೆ ಮಾಡಿಕೊಟ್ಟವನು ಸಿಂದಗಿಯಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ಮಾಡುವ ವೆಲ್ಡಿಂಗ್ ಅಂಗಡಿಯವನು. ನಾನು ಅವನಿಗೆ ಕೈಮುಗಿದು ಹೇಳಿದ್ದೆ: ತಗಡು ನುಣ್ಣಗಿರಲಿ, ಬೋಲ್ಟು ಕಾಣದಿರಲಿ, ಗೆರೆ ಬೇಡ, ಬಣ್ಣ ಒಂದೇ. ಯಾಕೆಂದರೆ ಪರಿಚಯದ ವಸ್ತು ಒಂದೇ ಒಂದು ಕಂಡರೂ ಸಾಕು, ನೋಡುವವರ ಕಣ್ಣು ಅದರಿಂದಲೇ ಅಳತೆ ಹಿಡಿಯುತ್ತದೆ. ಅಳತೆ ಸಿಗದಿದ್ದರೆ ಅದೇ ತಗಡು ಗುಡ್ಡದಷ್ಟು ದೊಡ್ಡದಾಗಿ ಕಾಣುತ್ತದೆ.

ಅವನು ಎಲ್ಲದಕ್ಕೂ "ಹೌದ್ರಿ, ಹೌದ್ರಿ" ಅಂದ. ಮಾಡಿದ್ದೂ ಚೆನ್ನಾಗಿತ್ತು. ಸುತ್ತ ಒಂದು ಸುತ್ತು ಬಂದೆ. ಹಿಂದುಗಡೆ, ಸರಿಯಾಗಿ ನಡುವೆ, ಟ್ರೇಲರಿಗೆ ಇರುವಂಥ ಕಬ್ಬಿಣದ ಕೊಂಡಿ.

"ಇದೇನಪಾ ಇದು?"

"ಕೊಂಡಿ ರೀ. ಗಾಡಿ ಕೆಟ್ಟ ನಿಂತ್ರ ಎಳಕೊಂಡು ಹೋಗಾಕ ಬೇಕಲ್ರಿ."

ನನ್ನ ನೆತ್ತಿಗೆ ಸಿಟ್ಟೇರಿತು. "ಬ್ಯಾರೆ ಗ್ರಹದಾಗ ಯಾರ ಬರ್ತಾರೋ ಎಳ್ಯಾಕ? ಅಲ್ಲಿ ಒಂದು ನರಪಿಳ್ಳಿ ಇರೂದಿಲ್ಲ ಅಂತ ಕಥಿ ಹೇಳಿಲ್ಲೇನ ನಿನಗ?"

ಅವನು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟು ಸಮಾಧಾನದಿಂದ ಹೇಳಿದ:

"ಅವ ಒಬ್ಬ ಅದಾನಲ್ರಿ, ನಿಮ್ಮ ಕಾಣಲಾರದಾಂವ. ಸುಮ್ನ ಬಾಗಲಾ ಬಡಕೋಂತ ನಿಂದ್ರೂ ಬದಲಿ ಅವನೂ ಒಂದೀಟು ಕೈ ಹಚ್ಚಲಿ."

ಇಂಡಿಯಲ್ಲಿ ಗಾಡಿ ಪೂಜೆ

ಕಂತಿನ ಖರ್ಚು ಹೊತ್ತವರು ಇಂಡಿಯ ನಿಂಬೆಹಣ್ಣಿನ ಸಾಹುಕಾರರು. ಟೀವಿಯಲ್ಲಿ ಹೆಸರು ಬರಬೇಕು ಎಂಬ ಆಸೆಯೊಂದನ್ನು ಬಿಟ್ಟರೆ ಒಳ್ಳೆಯ ಮನುಷ್ಯರು. ನೌಕೆ ಭೂಮಿ ಬಿಟ್ಟು ಹೊರಡುವ ದೃಶ್ಯವನ್ನು ಅವರ ನಿಂಬೆ ತೋಟದಲ್ಲೇ ತೆಗೆಯಬೇಕೆಂದು ಮೊದಲೇ ಮಾತಾಗಿತ್ತು. ಹಿಂದಿನ ದಿನವೇ ನೌಕೆಯನ್ನು ತಂದು ತೋಟದಲ್ಲಿ ನಿಲ್ಲಿಸಿದ್ದೆ.

ಮುಂಜಾನೆ ಹೋಗಿ ನೋಡುತ್ತೇನೆ, ಸಾಹುಕಾರರ ಇಡೀ ಮನೆತನ ನೌಕೆಯ ಸುತ್ತ ನೆರೆದಿದೆ. ಬಲಮಗ್ಗುಲಿಗೆ ಮೊಳದುದ್ದದ ಕುಂಕುಮದ ಸ್ವಸ್ತಿಕ. ಬಾಗಿಲಿಗೆ ಚೆಂಡುಹೂವಿನ ಮಾಲೆ. ಮೂತಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದಾರೆ. ತೆಂಗಿನಕಾಯಿಯನ್ನು ನೌಕೆಯ ಮೇಲೆಯೇ ಒಡೆದಿದ್ದರಿಂದ ಬೆಳ್ಳಿ ಬಣ್ಣದ ಮೇಲೆ ನೀರು ಹರಿದು ಕುಂಕುಮವೆಲ್ಲ ಇಳಿದಿದೆ. ಬೇರೆ ಲೋಕಕ್ಕೆ ಹೊರಟ ನೌಕೆ ಈಗ ತಾನೇ ಶೋರೂಮಿನಿಂದ ಬಂದ ಟಂಟಂ ಆಟೋ ಆಗಿ ಕೂತಿತ್ತು.

"ಸಾಹುಕಾರ್ರ, ಏನ ಮಾಡೀರಿ ಇದು?" ಎಂದು ಚೀರಿದೆ.

"ಪೂಜಿ ಮಾಡೀವ್ರಿ. ಬರೇ ಸಿಂದಗಿಗೆ ಹೋಗೂ ಗಾಡಿಗೆ ಮಾಡ್ತೀವಿ. ಇದು ಅಷ್ಟು ಮ್ಯಾಲ ಹೊಂಟೈತಿ, ಹಂಗ ಕಳಸಬೇಕೇನ್ರಿ?"

ಅಲ್ಲಿಗೆ ಮುಗಿದಿದ್ದರೆ ಒರೆಸಿ ಮುಂದೆ ಹೋಗುತ್ತಿದ್ದೆ. ಆದರೆ ಹೊಸ ಗಾಡಿಯ ಗಾಲಿ ಕೆಳಗೆ ಇಟ್ಟ ನಿಂಬೆಹಣ್ಣು ಅಪ್ಪಚ್ಚಿಯಾಗಲೇಬೇಕಲ್ಲ. ನೌಕೆಯ ನಾಲ್ಕೂ ಕಾಲುಗಳ ಮುಂದೆ ಹಣ್ಣು ಇಟ್ಟಿದ್ದರು. ನೌಕೆಗೆ ಎಂಜಿನ್ ಇಲ್ಲ. ನಾನು ಬೇಡ ಬೇಡ ಎಂದು ಓಡಿ ಬರುವಷ್ಟರಲ್ಲಿ ತೋಟದ ಆಳುಗಳೆಲ್ಲ ಕೂಡಿ "ಹೈಸ್ಸ" ಎಂದು ಹಿಂದಿನಿಂದ ತಳ್ಳಿಯೇಬಿಟ್ಟರು. ಹಣ್ಣು ಒಡೆದವು. ಜೊತೆಗೆ ಒಂದು ಕಾಲೂ ಮುರಿಯಿತು. ನೌಕೆ ಎಡಕ್ಕೆ ವಾಲಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಅಳು ಬರುವುದೊಂದು ಬಾಕಿ.

ಸಿಂದಗಿಯಿಂದ ವೆಲ್ಡಿಂಗಿನವನನ್ನು ಕರೆಸುವಷ್ಟು ಸಮಯವಿರಲಿಲ್ಲ, ಮುಂಜಾನೆಯ ಎಳೆ ಬೆಳಕು ಹೋಗುತ್ತಿತ್ತು. ಹಲ್ಲು ಕಚ್ಚಿಕೊಂಡು ಕ್ಯಾಮೆರಾವನ್ನೇ ಎಡಕ್ಕೆ ವಾಲಿಸಿ ನಿಲ್ಲಿಸಿದೆ. ಸ್ವಸ್ತಿಕ ಕಾಣದ ಮಗ್ಗುಲಿನಿಂದ ತೆಗೆದೆ. ಚೌಕಟ್ಟಿನಲ್ಲಿ ನೌಕೆ ನೆಟ್ಟಗೆ ಬಂತು, ಇಂಡಿ ಓರೆಯಾಯಿತು. ನೋಡಿದರೆ ಅದೂ ಒಂದು ನಮೂನೆ ಚಂದವಾಗಿತ್ತು. ಭೂಮಿಯೇ ಕಾಲ ಕೆಳಗಿನಿಂದ ಜಾರುತ್ತಿರುವ ಹಾಗೆ, ಆ ಹೆಣ್ಣುಮಗಳ ಮನಸ್ಸಿನ ಹಾಗೆ. ಹೋಗಲಿ, ಏನೋ ಒಂದು ಉಳಿಯಿತು ಎಂದುಕೊಂಡು ಸಾಹುಕಾರರಿಗೆ ಅದನ್ನು ತೋರಿಸಿದೆ.

ಅವರ ಮುಖ ಕೆಂಪಗಾಯಿತು.

"ಏನ್ರಿ ಇದು, ನನ್ನ ತ್ವಾಟ ಹಿಂಗ ಜಾರಿ ಐತೇನು? ನೋಡಿದವ್ರು ಇವನ ಹೊಲದಾಗ ನೀರ ನಿಂದ್ರೂದಿಲ್ಲ ಅಂತಾರ! ನೌಕಾ ಬೇಕಾದ್ರ ಬೀಳ್ಳಿ, ಹೊಲಾ ನೆಟ್ಟಗ ಮಾಡ್ರಿ!"

ಕೊಲ್ಹಾರದ ಬರಿ ಬಯಲು

ಬೇರೆ ಗ್ರಹ ಎಂದು ನಾನು ಆರಿಸಿದ್ದು ಕೊಲ್ಹಾರದ ಹಿನ್ನೀರು. ಬೇಸಿಗೆಯಲ್ಲಿ ನೀರು ಹಿಂದಕ್ಕೆ ಸರಿದಾಗ ಬಿರುಕು ಬಿಟ್ಟ ನೆಲ ಕಣ್ಣು ಹಾಯುವವರೆಗೂ ಹರಡಿರುತ್ತದೆ. ಮರವಿಲ್ಲ, ಕಂಬವಿಲ್ಲ. ಹಿನ್ನೀರ ಮೇಲಿನ ಸೇತುವೆ ಕಾಣದ ಕಡೆಗೆ ಕ್ಯಾಮೆರಾ ತಿರುಗಿಸಿದರೆ ಸಾಕು, ಭೂಮಿ ಎಂದು ಯಾರೂ ಹೇಳುವುದಿಲ್ಲ.

ವಿಜ್ಞಾನಿಯ ಪಾತ್ರ ಮಾಡಿದವರು ಮುದ್ದೇಬಿಹಾಳದ ಹೈಸ್ಕೂಲಿನ ವಿಜ್ಞಾನದ ಅಕ್ಕೋರು. ನನ್ನ ಇಡೀ ತಂಡದಲ್ಲಿ ಒಮ್ಮೆ ಹೇಳಿದರೆ ತಿಳಿದುಕೊಳ್ಳುತ್ತಿದ್ದವರು ಅವರೊಬ್ಬರೇ. ದೃಶ್ಯ ಇಷ್ಟೇ: ಅವರು ಹೆಲ್ಮೆಟ್ ಹಾಕಿಕೊಂಡು ನೌಕೆಯಿಂದ ಇಳಿದು, ಒಬ್ಬರೇ ನಡೆಯುತ್ತಾ ಚುಕ್ಕೆಯಾಗುವವರೆಗೂ ಹೋಗಬೇಕು. ಕ್ಯಾಮೆರಾ ಅಲುಗಾಡುವುದಿಲ್ಲ. ಮಾತಿಲ್ಲ. ಅಷ್ಟು ದೊಡ್ಡ ಬಯಲು, ಅಷ್ಟು ಸಣ್ಣ ಹೆಣ್ಣುಜೀವ. ಇಡೀ ಕಂತಿನ ತೂಕ ಆ ಒಂದು ಶಾಟಿನಲ್ಲಿತ್ತು.

ನೋಡಲು ಊರಿನ ಹೆಂಗಸರು ಬಂದಿದ್ದರು. ಅವರನ್ನೆಲ್ಲ ದಿಬ್ಬದ ಹಿಂದೆ ಕೂರಿಸಿ, ಗದ್ದಲ ಮಾಡದಿರಲಿ ಎಂದು ಕಥೆಯನ್ನೂ ಹೇಳಿದೆ. ಈಕೆ ಒಬ್ಬಾಕಿನ ಹೊಂಟಾಳ, ಭಾಳ ದೂರ, ತಿರುಗಿ ಬರ್ತಾಳೋ ಇಲ್ಲೋ ಗೊತ್ತಿಲ್ಲ ಎಂದೆ. ಅವರು ಲೊಚಗುಟ್ಟಿದರು.

ಶಾಟ್ ಶುರುವಾಯಿತು. ಅಕ್ಕೋರು ಇಳಿದರು, ನಡೆದರು. ಗಾಳಿ ಕೂಡ ನಿಂತಿತ್ತು. ಹತ್ತು ವರ್ಷ ಕಾದರೂ ಸಿಗದಂಥ ಬೆಳಕು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೇನೆ, ಚೌಕಟ್ಟಿನ ಬಲಗಡೆಯಿಂದ ಹಸಿರು ಇಲಕಲ್ ಸೀರೆಯೊಂದು ಒಳಗೆ ಬಂತು. ಹಿಂದೆ ಇನ್ನೊಂದು. ಹಿಂದೆ ಸಾಲಾಗಿ ಐದಾರು. ಒಬ್ಬಾಕೆಯ ಕೈಯಲ್ಲಿ ತಾಟು, ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಕಣ, ಅರಿಶಿನ ಕುಂಕುಮ. ಮನುಷ್ಯರ ಸುಳಿವೇ ಇಲ್ಲದ ಗ್ರಹದ ಮೇಲೆ ಸೆರಗಿಗೆ ಅಕ್ಕಿ ಹಾಕಿ ಉಡಿ ತುಂಬುವ ಕಾರ್ಯಕ್ರಮ.

"ಏ! ಹೊರಗ ಬರ್ರಿ! ಯಾರ ಹೇಳ್ಯಾರ ನಿಮಗ?" ಎಂದು ಅರಚುತ್ತಾ ಓಡಿದೆ. ಅವರೆಲ್ಲರಲ್ಲಿ ಹಿರಿಯಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ನೀ ಸುಮ್ನಿರೋ ತಮ್ಮಾ. ಮುತ್ತೈದಿ ಹೆಣಮಗಳು ಅಷ್ಟು ದೂರ ಹೊಂಟಾಳ, ಬರಿ ಉಡೀಲೆ ಕಳಸ್ತಿಯೇನು?"

"ಯವ್ವಾ, ಇಲ್ಲಿ ಯಾರೂ ಇದ್ದಿದ್ದಿಲ್ಲ ಅನ್ನೂ ಹಂಗ ಕಾಣಬೇಕು!"

ಆಕೆ ಆಗ ನನ್ನನ್ನು ನೋಡಿದಳು. ತಾಟು ಹಿಡಿದ ಕೈಯಿಂದಲೇ ಕೆಳಗಿನ ನೆಲ ತೋರಿಸಿದಳು. "ಯಾರೂ ಯಾಕ ಇದ್ದಿದ್ದಿಲ್ಲ? ಇಲ್ಲೇ ಇತ್ತು ನಮ್ಮ ಮನಿ. ಡ್ಯಾಮಿನ ನೀರ ಬಂತಂತ ಎದ್ದ ಹೊಂಟಾಗ ನಮಗ ಯಾರೂ ಉಡಿ ತುಂಬಲಿಲ್ಲ. ಈಕಿಗೆರ ತುಂಬತೇನಿ, ಸರಿ."

ನಾನು ಪಕ್ಕಕ್ಕೆ ಸರಿದೆ. ಸಿಟ್ಟು ಮಾತ್ರ ಹೋಗಲಿಲ್ಲ. ಯಾರ ಮೇಲೆ ತೋರಿಸಬೇಕು ಎಂದು ತಿಳಿಯದೆ ಕ್ಯಾಮೆರಾದ ಹತ್ತಿರ ಹೋಗಿ ಲೆನ್ಸು ಒರೆಸಿದೆ.

ಅಕ್ಕೋರ ಅಂತರಿಕ್ಷದ ಉಡುಪಿಗೆ ಸೆರಗು ಎಲ್ಲಿಂದ ಬರಬೇಕು? ಹೆಂಗಸರು ಹುಡುಕಿ ಹುಡುಕಿ ಕೊನೆಗೆ ಹೆಲ್ಮೆಟ್ಟನ್ನೇ ತೆಗೆಸಿ, ತಿರುವಿ ಹಿಡಿಸಿ, ಅದರಲ್ಲಿ ಐದು ಬೊಗಸೆ ಅಕ್ಕಿ ಹಾಕಿದರು. ಬಿಸಿಲು ಇಳಿಯುವ ಮೊದಲು ಇನ್ನೊಮ್ಮೆ ತೆಗೆಯಬೇಕು ಎಂಬ ಗಡಿಬಿಡಿಯಲ್ಲಿ ನಾನೇ ಹೆಲ್ಮೆಟ್ ಕೊಡವಿ ಅಕ್ಕೋರ ತಲೆಗೆ ಹಾಕಿದೆ. ಶಾಟ್ ಅದ್ಭುತವಾಗಿ ಬಂತು. ಆದರೆ ಅದಾದ ಮೇಲೆ ಮುಖದ ಶಾಟ್ ತೆಗೆಯುವಾಗ ಅಕ್ಕೋರು ಭಯಗೊಂಡವರ ಹಾಗೆ ಹೆಲ್ಮೆಟ್ ತೆಗೆದರು. ಹಣೆ ತುಂಬ ಕುಂಕುಮ, ಕೂದಲ ತುಂಬ ಅಕ್ಕಿ. ಶೂಟಿಂಗ್ ನೋಡಲು ಇಂಡಿಯಿಂದ ಬಂದಿದ್ದ ಸಾಹುಕಾರರು ಕ್ಯಾಮೆರಾದ ಹಿಂದಿನಿಂದ ಖುಷಿಯಿಂದ ಕೂಗಿದರು:

"ಅಕ್ಕೋರ, ಇದ ಗ್ರಹದಾಗ ನಿಮ್ಮ ಲಗ್ನಾನೂ ಆತೇನು?"

ಮುದ್ದೇಬಿಹಾಳದ ಸಂದಿ

ಈಗ ಅಳಿಯಂದಿರ ಸುದ್ದಿ. ಇದ್ದದ್ದು ಒಬ್ಬರೇ, ಮರ್ಯಾದೆಗೆ ಅಳಿಯಂದಿರು ಅನ್ನುವುದು. ಸಾಹುಕಾರರ ಮಗಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದ್ದರು. ನೌಕೆಯ ಒಳಗಿನ ಕೋಣೆಯನ್ನು ನಾನು ಕಟ್ಟಿದ್ದು ಆ ಅಳಿಯಂದಿರ ಸೇಂಗಾ ಗೋದಾಮಿನಲ್ಲಿ. "ಅಳಿಯಾರಿಗೆ ಒಂದು ಪಾತ್ರ ಕೊಡ್ರಿ, ಇಲ್ಲಾಂದ್ರ ಮಗಳ ಮುಂದ ನನ್ನ ಮಾನ ಹೋಗ್ತೈತಿ" ಎಂದು ಸಾಹುಕಾರರು ಕೈ ಹಿಡಿದುಕೊಂಡರು. ನನ್ನ ಕಥೆಯಲ್ಲಿ ಇರುವುದೇ ಎರಡು ಪಾತ್ರ. ಒಂದು ಅಕ್ಕೋರದು, ಇನ್ನೊಂದು ಕಾಣದ ಪ್ರಾಣಿಯದು. ಕೊಟ್ಟೆ.

ಅಳಿಯಂದಿರು ಆ ದಿನ ಕ್ಷೌರದಂಗಡಿಯಿಂದ ನೇರವಾಗಿ ಬಂದರು. ಮುಖ ಮಿರಮಿರ ಮಿಂಚುತ್ತಿತ್ತು. ಮೀಸೆಯನ್ನು ತಿರುವಿ, ಎಣ್ಣೆ ಹಚ್ಚಿ, ತುದಿಗಳನ್ನು ಕೆನ್ನೆಯಿಂದ ಹೊರಗೆ ಎತ್ತಿ ನಿಲ್ಲಿಸಿದ್ದರು. ಹಿಂದೆ ಬೀಗರು, ಬಿಜ್ಜರು, ಬುತ್ತಿಗಂಟು.

"ನಿಮ್ಮ ನೆರಳು ಬಾಗಲದ ಕೆಳಗಿನ ಸಂದ್ಯಾಗ ಸರೀಬೇಕ್ರಿ. ಅಷ್ಟ," ಎಂದೆ.

"ಮುಖಾ?"

"ಬರೂದಿಲ್ರಿ."

"ಕಡೀಕ ಒಮ್ಮೆರ?"

"ಇಲ್ರಿ. ಮುಖಾ ತೋರಸಿದ್ರ ಅಂಜಿಕಿ ಹೋಗ್ತೈತಿ."

"ಮುಖಾ ಕಾಣದಿದ್ರ ನಾನ ಯಾಕ ಬೇಕ್ರಿ? ನನ್ನ ಆಳಮಗನ್ನ ನಿಂದರಸ್ರಿ!"

ಹೇಗೋ ಒಪ್ಪಿಸಿದೆ. ಕ್ಯಾಮೆರಾವನ್ನು ನೆಲಕ್ಕೆ ಇಟ್ಟೆ. ಚೌಕಟ್ಟಿನ ಮುಂಭಾಗದಲ್ಲಿ ಅಕ್ಕೋರ ಮುಖ, ಹಿಂದೆ ಬಾಗಿಲು, ಬಾಗಿಲ ಕೆಳಗೆ ಬೆಳಕಿನ ಪಟ್ಟಿ. ಆ ಪಟ್ಟಿಯಲ್ಲಿ ನೆರಳು ನಿಧಾನಕ್ಕೆ ಬಂತು. ನಿಂತಿತು. ಬಹಳ ಚೆನ್ನಾಗಿ ನಿಂತಿತು. ನನ್ನ ಮೈಮೇಲೆ ಮುಳ್ಳು ಎದ್ದವು. ಮರುಕ್ಷಣ ಆ ಸಂದಿಯಲ್ಲಿ ಮೀಸೆಯೊಂದು ಕಾಣಿಸಿತು. ಮೀಸೆಯ ಮೇಲೆ ಎರಡು ಕಣ್ಣು. ಅಳಿಯಂದಿರು ನೆಲದ ಮೇಲೆ ಬೋರಲು ಮಲಗಿ ಕ್ಯಾಮೆರಾಕ್ಕೆ ಮುಖ ಕೊಟ್ಟಿದ್ದರು.

ಬೈದೆ. ಮತ್ತೆ ತೆಗೆದೆ. ಮತ್ತೆ ಮೀಸೆ. ಕೈಮುಗಿದೆ. ಮತ್ತೆ ಮೀಸೆ, ಈ ಸಲ ನಗುಮುಖ. ಇತ್ತ ಅಕ್ಕೋರು ನಗು ತಡೆಯಲಾರದೆ ಭುಜ ಕುಣಿಸುತ್ತಿದ್ದರು. ನಾನು ಅವರ ಮೇಲೂ ಹರಿಹಾಯ್ದೆ: "ಅಂಜ್ರಿ ಅಕ್ಕೋರ, ಅಂಜ್ರಿ!"

"ಹ್ಯಾಂಗ ಅಂಜಲಿ ಸರ್? ನಮ್ಮ ಸಾಲ್ಯಾಗ ಹಿಂಗ ಬಾಗಲದಾಗ ಇಣಕಿದವರನ್ನ ನಾ ಬಗ್ಗಿಸಿ ಕಾಲಿನ ಹೆಬ್ಬಟ್ಟ ಹಿಡಸಿ ನಿಂದರಸ್ತೇನಿ!"

ಬಾಗೇವಾಡಿಯ ಬೆಳಕು

ಕಂತನ್ನು ಎಡಿಟ್ ಮಾಡಿ ಕೂಡಿಸುವಾಗ ಮೀಸೆಯನ್ನೆಲ್ಲ ಕತ್ತರಿಸಿ ಎಸೆದೆ. ಸುದ್ದಿ ತಿಳಿದು ಸಾಹುಕಾರರ ಫೋನು ಬಂತು. ಅಳಿಯಂದಿರು ಊಟ ಬಿಟ್ಟಿದ್ದಾರಂತೆ. "ಒಮ್ಮೆ ತೋರಸ್ರಿ, ಕಣ್ಣ ಮುಚ್ಚಿ ತೆಗಿಯೂದ್ರಾಗ ಮುಗದ ಹೋಗ್ಲಿ" ಅಂದರು. ಆಗುವುದಿಲ್ಲ ಅಂದೆ. ಒಮ್ಮೆ ತೋರಿಸಿದರೆ ಇಡೀ ಕಂತು ಸತ್ತಂತೆ. ನಿಮ್ಮ ಹೆಸರು ಬೇಕಾದರೆ ಎರಡು ಸಲ ಹಾಕುತ್ತೇನೆ, ಮುಖ ಮಾತ್ರ ಹಾಕುವುದಿಲ್ಲ ಅಂದೆ. ಅವರು ಫೋನು ಇಟ್ಟರು.

ಬಸವನ ಬಾಗೇವಾಡಿಯ ಒಂದು ಕಲ್ಯಾಣ ಮಂಟಪದಲ್ಲಿ ಪ್ರದರ್ಶನ. ಹುಬ್ಬಳ್ಳಿಯಿಂದ ವಾಹಿನಿಯ ಅಧಿಕಾರಿ ಬಂದಿದ್ದರು. ಒಪ್ಪುವುದೂ ಬಿಡುವುದೂ ಅವರ ಕೈಯಲ್ಲಿ. ನಕ್ಕು ಗೊತ್ತಿಲ್ಲದ ಮನುಷ್ಯ, ಬಂದಾಗಿನಿಂದ ಮೊಬೈಲಿನಲ್ಲೇ ಮುಳುಗಿದ್ದರು. ಕಿಟಕಿಗಳನ್ನು ಮುಚ್ಚಿ, ಕುರ್ಚಿಗಳ ನಡುವಿನ ದಾರಿಯಲ್ಲಿ ಸ್ಟೂಲಿನ ಮೇಲೆ ಪ್ರೊಜೆಕ್ಟರ್ ಇಟ್ಟಿದ್ದೆ. ಅದರ ಪಕ್ಕದ ಕುರ್ಚಿ ಹಿಡಿದವರು ಅಳಿಯಂದಿರು. ಮೀಸೆಗೆ ಹೊಸ ಎಣ್ಣೆ. ಎಡಬಲ ಎರಡೂ ಕಡೆಯ ಬೀಗರು.

ಕಂತು ಶುರುವಾಯಿತು. ಓರೆಯಾದ ಇಂಡಿಗೆ ಯಾರೂ ನಗಲಿಲ್ಲ. ಕೊಲ್ಹಾರದ ಬಯಲು ಬಂದಾಗ ಮಂಟಪ ಗಪ್ಪಾಯಿತು. ಬಾಗಿಲ ಕೆಳಗೆ ನೆರಳು ಸರಿದಾಗ ಯಾರೋ "ಯವ್ವಾ" ಅಂದರು. ಗೆದ್ದೆ ಅನ್ನಿಸಿತು. ಅಧಿಕಾರಿ ಮಾತ್ರ ಮೊಬೈಲಿನಿಂದ ತಲೆ ಎತ್ತಿರಲಿಲ್ಲ. ಕೊನೆಯ ಶಾಟ್. ಬಾಗಿಲು ತೆರೆಯಿತು. ಪರದೆಯ ತುಂಬ ಬಿಳಿ ಬೆಳಕು.

ಅಳಿಯಂದಿರು ಅಲ್ಲಿಯವರೆಗೆ ಆಸೆ ಇಟ್ಟುಕೊಂಡಿದ್ದರು ಎಂದು ಕಾಣುತ್ತದೆ. ಬಾಗಿಲು ತೆರೆದರೂ ತಮ್ಮ ಮುಖ ಬಾರದ್ದನ್ನು ಕಂಡು ಅವರಿಗೆ ತಡೆಯಲಾಗಲಿಲ್ಲ. ಎದ್ದರು. ಪ್ರೊಜೆಕ್ಟರಿನ ಎದುರಿಗೇ ನಿಂತು, ಎರಡೂ ಕೈ ಮೇಲೆತ್ತಿ, ನನ್ನ ಕಡೆ ತಿರುಗಿ ಗರ್ಜಿಸಿದರು:

"ನಿಂದರಸ್ರಿ ಇದನ್ನ!"

ಅವರ ಹಿಂದೆ ಆ ಬಿಳಿ ಪರದೆಯ ಮೇಲೆ, ನೆಲದಿಂದ ಮಾಳಿಗೆಯವರೆಗೆ, ಕಪ್ಪಗೆ ಏನೋ ಎದ್ದು ನಿಂತಿತು. ದೊಡ್ಡ ತಲೆ. ತಲೆಯ ಎರಡೂ ಬದಿಗೆ ಚೂಪಾದ ಎರಡು ಕೋಡು. ಮೇಲೆ ಎರಡು ತೋಳು. ಮಂಟಪವೇ ಒಂದಾಗಿ ಚೀರಿತು. ಕುರ್ಚಿಗಳು ಬಿದ್ದವು. ಎರಡೂ ಕಡೆಯ ಬೀಗರು ಬುತ್ತಿಗಂಟು ಬಿಟ್ಟು ಬಾಗಿಲ ಕಡೆಗೆ ಓಡಿದರು. ಅಳಿಯಂದಿರ ಹೆಂಡತಿಯೇ ಎಲ್ಲರಿಗಿಂತ ಮುಂದೆ.

ದೀಪ ಹಾಕಿದರು. ಆ ಮನುಷ್ಯನ ಕೊರಳಪಟ್ಟಿ ಹಿಡಿಯಬೇಕೆಂದು ಎದ್ದೆ. ಅಷ್ಟರಲ್ಲಿ ವಾಹಿನಿಯ ಅಧಿಕಾರಿ ನನ್ನ ಕೈ ಹಿಡಿದರು. ಅವರ ಮೊಬೈಲು ಕುರ್ಚಿಯ ಕೆಳಗೆಲ್ಲೋ ಬಿದ್ದಿತ್ತು, ಅದರ ಖಬರೂ ಅವರಿಗಿರಲಿಲ್ಲ.

"ಏನ್ ಕಲ್ಪನಾ ರೀ ನಿಮ್ಮದು! ಇಡೀ ಕಂತಿನ್ಯಾಗ ತೋರಸಲಾರದ ಇಟ್ಟು, ಕಡೀಕ ಒಮ್ಮಿಗೇ ಆ ಕೋಡಿನ ನೆರಳು! ನನ್ನ ಎದಿ ನಿಂತಿತ್ತು. ಒಪ್ಪಿಗಿ ಆತು. ಆದ್ರ ಆ ನೆರಳು ಮಾತ್ರ ತೆಗೀಬ್ಯಾಡ್ರಿ."

"ಅದು ನನ್ನದಲ್ರೀ, ಸಾಹೇಬ್ರ!" ಎಂದು ಕೂಗಿದೆ. "ಅದು ಇರೂದ ಬ್ಯಾಡ! ಬರೇ ಬೆಳಕು ಇರಬೇಕು!"

"ಇಷ್ಟು ವಿನಯ ಒಳ್ಳೇದಲ್ರಿ" ಎಂದು ಬೆನ್ನು ತಟ್ಟಿ ಹೋದರು.

ಅಳಿಯಂದಿರನ್ನು ಮತ್ತೆ ಬೆಳಕಿನ ಮುಂದೆ ನಿಲ್ಲಿಸಿ ಆ ನೆರಳು ತೆಗೆಯಬೇಕಾಯಿತು. ತೆಗೆದವನು ನಾನೇ, ಹಲ್ಲು ಕಡಿಯುತ್ತಾ. ಕಂತು ಟೀವಿಯಲ್ಲಿ ಬಂತು. ಜನ ಅಂಜಿದರು. ಅಡುಗೆ ಕಾರ್ಯಕ್ರಮ ಬೇರೆ ಹೊತ್ತಿಗೆ ಹೋಯಿತು. ಅದೇ ಕಲ್ಯಾಣ ಮಂಟಪದಲ್ಲಿ ಸತ್ಕಾರ ಸಮಾರಂಭ ಇಟ್ಟರು. ಯಾರಿಗೆ? ಅಳಿಯಂದಿರಿಗೆ.

ನಾನು ವೇದಿಕೆಯ ಅಂಚಿನಲ್ಲಿ ನಿಂತಿದ್ದೆ. ಅಳಿಯಂದಿರು ಬಂದರು. ಬಂದವರೇ ಸಭೆಗೆ ಬೆನ್ನು ಕೊಟ್ಟು ಗೋಡೆಯ ಕಡೆ ಮುಖ ಮಾಡಿ ಕೂತರು. ಶಾಲು ಹೊದಿಸಿದ್ದು ಬೆನ್ನಿನಿಂದ, ಹಾರ ಹಾಕಿದ್ದು ಬೆನ್ನಿನಿಂದ. ಮೈಕನ್ನೂ ಗೋಡೆಯ ಕಡೆಗೇ ತಿರುಗಿಸಿಕೊಂಡು ಭಾಷಣ ಮಾಡಿದರು: "ನಿರ್ದೇಶಕರು ಮುಖಾ ತೋರಸೂಣು, ಮುಖಾ ತೋರಸೂಣು ಅಂತ ಭಾಳ ಗಂಟ ಬಿದ್ದಿದ್ರು. ನಾನ ಬ್ಯಾಡ ಅಂದೆ. ಮುಖಾ ತೋರಸಿದ್ರ ಅಂಜಿಕಿ ಹೋಗ್ತೈತಿ."

ಚಪ್ಪಾಳೆಯೋ ಚಪ್ಪಾಳೆ. ನನ್ನ ಕಿವಿ ಬಿಸಿಯಾದವು. ಇನ್ನು ಸುಮ್ಮನಿರುವುದಿಲ್ಲ ಎಂದು ಬಾಯಿ ತೆರೆದು ಒಂದು ಹೆಜ್ಜೆ ಮುಂದೆ ಬಂದೆ. ಕೆಳಗಿನಿಂದ ಫೋಟೋದವನು ಕ್ಯಾಮೆರಾ ಇಳಿಸಿ ನನ್ನ ಮೇಲೆ ರೇಗಿದ:

"ಏ ಯಜಮಾನ್ರ, ಸರದ ನಿಂದರ್ರಿ! ಇಷ್ಟು ಚೊಲೋ ಫೋಟೋ ಬರೂ ಹೊತ್ತಿಗೆ ನಿಮ್ಮ ಮುಖಾ ಕಾಣಾಕತ್ತೈತಿ!"